ಮನೆಯ ಕೀಲಿಕೈ, ನೀಲಿ ಪೆಟ್ಟಿಗೆ



ಕಳೆದ ಸಂಚಿಕೆಯಲ್ಲಿ ಶೇಂಗಾ ಹೋಳಿಗೆ ಹರಿಯದ ಹಾಗೆ ಲಟ್ಟಿಸುವ ಬಗೆಯನ್ನು ಬರೆದಿದ್ದೆ. ಹೂರಣ ನುಣ್ಣಗಾಗಲಿಲ್ಲ ಎಂದು ಬೈದು ಬರೆದವರಿಗೂ, ಚೆನ್ನಾಗಿ ಬಂತು ಎಂದು ಹರಸಿದವರಿಗೂ ಒಟ್ಟಿಗೇ ನಮಸ್ಕಾರ. ಈ ಸಲ ಅಡಿಗೆಮನೆ ಬಿಟ್ಟು ಹೊರಗೆ ಹೋಗೋಣ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ, ಕಥೆ ಸ್ವಲ್ಪ ಉದ್ದವಿದೆ.

ಮೊನ್ನೆ ತವರಿಗೆ, ತೇರದಾಳಕ್ಕೆ, ಹೋಗಿದ್ದೆ. ನಮ್ಮದು ಮಗ್ಗದ ಊರು. ಪಕ್ಕದ ರಬಕವಿ-ಬನಹಟ್ಟಿಯ ಹಾಗೆ ಇಲ್ಲಿಯೂ ನೇಕಾರರ ಓಣಿ ಹೊಕ್ಕರೆ ಖಟಕ್ ಖಟಕ್ ಸದ್ದು ಕಿವಿಗೆ ಬಡಿಯುತ್ತದೆ. ಎರಡು ದಿನ ಇದ್ದರೆ ಆ ಸದ್ದು ಇದೆ ಅನ್ನುವುದೇ ಮರೆತುಹೋಗುತ್ತದೆ. ಪಡಸಾಲೆಯಲ್ಲಿ ಅಣ್ಣನ ಮೊಮ್ಮಗಳು, ಹದಿಮೂರು ವರ್ಷದ ಹುಡುಗಿ, ಮೊಬೈಲು ಹಿಡಿದು ಕೂತಿದ್ದಳು. ಇಂಗ್ಲಿಷಿನ ಯಾವುದೋ ಧಾರಾವಾಹಿ. ಹಳೆಯ ಟೆಲಿಫೋನ್ ಬೂತಿನಂಥ ಒಂದು ನೀಲಿ ಪೆಟ್ಟಿಗೆ ಬಯಲಿನಲ್ಲಿ ನಿಂತಿದೆ. ಉಬ್ಬಸದವರು ಉಸಿರೆಳೆದ ಹಾಗೆ ಗರ್‌ರ್... ಗರ್‌ರ್... ಎಂದು ಸದ್ದು ಮಾಡುತ್ತದೆ. ನೋಡುನೋಡುತ್ತಿದ್ದ ಹಾಗೆ ಪೆಟ್ಟಿಗೆ ಮಾಯ!

ಮೂಲೆಯಲ್ಲಿ ಕೂತಿದ್ದಳು ನಮ್ಮವ್ವ. ಎಂಬತ್ತೆಂಟು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. “ಏನದು? ತಂತಿ ಮ್ಯಾಲ ಕಬ್ಬಣ ಎಳದಂಗ ಆಗಾಕತ್ತೈತಿ,” ಅಂದಳು.

“ಅಲ್ಲಬೇ ಆಯಿ, ಅದು ಹಿಂದಿನ ಕಾಲಕ್ಕ, ಮುಂದಿನ ಕಾಲಕ್ಕ ಹೋಗೂ ಮಷೀನು. ಅದರ ಇಂಜಿನ್ ಸಪ್ಪಳ ಅದು,” ಎಂದು ಹುಡುಗಿ ನಕ್ಕಳು. ನಾನೂ ನಕ್ಕೆ. ಸುಮ್ಮನಿರಬಾರದಿತ್ತೇ? ಊರಿಂದ ಬಂದ ಮೇಲೆ ಆ ಧಾರಾವಾಹಿಯ ಹಿನ್ನೆಲೆ ಹುಡುಕಿ ಓದುತ್ತ ಹೋದೆ. ಓದಿದಾಗ ಗೊತ್ತಾಯಿತು, ನಕ್ಕವರು ನಾವು ದಡ್ಡರು, ಅವ್ವ ಹೇಳಿದ್ದು ಅಕ್ಷರಶಃ ನಿಜ.

ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಲಂಡನ್ನಿನ ಬಿಬಿಸಿ ಸಂಸ್ಥೆ 1963ರಲ್ಲಿ ಶುರುಮಾಡಿದ್ದು. ಔಷಧಿ ಕೊಡುವ ಡಾಕ್ಟರಲ್ಲ ಈತ. ಬೇರೆ ಲೋಕದಿಂದ ಬಂದ ಒಬ್ಬ ಅಲೆಮಾರಿ, ನೀಲಿ ಪೆಟ್ಟಿಗೆಯಲ್ಲಿ ಕೂತು ಕಾಲದಿಂದ ಕಾಲಕ್ಕೆ ತಿರುಗುತ್ತಾನೆ. ಪೆಟ್ಟಿಗೆ ಹೊರಗಿನಿಂದ ನೋಡಿದರೆ ಇಬ್ಬರು ನಿಲ್ಲುವಷ್ಟು, ಒಳಗೆ ಹೋದರೆ ಅರಮನೆಯಷ್ಟು. ನಮ್ಮ ಹಗೇವಿನ ಹಾಗೆ ಅನ್ನಿ!

“ವಿಜ್ಞಾನದ ಕಟ್ಟುಕಥೆ ಗಂಡುಹುಡುಗರ ಆಟ, ನಮಗ್ಯಾಕ್ರೀ ಅದು?” ಎಂದು ಪುಟ ತಿರುವಿಹಾಕಬೇಡಿ. ನಾವು ‘ಜೇಡರ ಬಲೆ’ ನೋಡಿ ಬೆಳೆದವರಲ್ಲವೇ? 1968ರ ಚಿತ್ರ. ಯಾವ ಲೋಹವನ್ನಾದರೂ ಚಿನ್ನ ಮಾಡುವ ಸೂತ್ರ, ಅದನ್ನು ಕಂಡುಹಿಡಿದ ವಿಜ್ಞಾನಿ, ಬೆನ್ನುಹತ್ತಿದ ದುಷ್ಟರು, ಕಾಪಾಡಲು ಸಿಐಡಿ 999 ಆಗಿ ಡಾ. ರಾಜ್‌ಕುಮಾರ್. ಚಿನ್ನ ಮಾಡುವ ಸೂತ್ರ ವಿಜ್ಞಾನದ ಕಟ್ಟುಕಥೆಯಲ್ಲದೆ ಇನ್ನೇನು? ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಎಲ್ಲವೂ ದೊರೆ-ಭಗವಾನ್ ಜೋಡಿಯವು. ನೀವೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದ ‘ಕಸ್ತೂರಿ ನಿವಾಸ’, ‘ಎರಡು ಕನಸು’ ಮಾಡಿದವರೂ ಇವರೇ. ನಮ್ಮ ಓಣಿಯ ಹಿರಿಯರೊಬ್ಬರು ‘ಜೇಡರ ಬಲೆ’ ಎಂದರೆ ನೇಕಾರರ ಚಿತ್ರವೆಂದೇ ತಿಳಿದು ಟಿಕೆಟ್ ತೆಗೆದಿದ್ದರು. ಅವರದೇನು ತಪ್ಪು? ಜೇಡರ ದಾಸಿಮಯ್ಯ ನಮ್ಮವನೇ ಅಲ್ಲವೇ!

ಆ ಚಿತ್ರಗಳಲ್ಲಿ ನಮಗೆ ನೆನಪಿರುವುದು ರಾಜ್‌ಕುಮಾರ್ ಹಿಡಿದ ಪಿಸ್ತೂಲು, ನಾಯಕಿಯ ಸೀರೆ. ಪರದೆಯ ಹಿಂದೆ ಯಾರು ಏನು ಮಾಡಿದರು, ಆ ಸದ್ದು ಯಾರು ಹುಟ್ಟಿಸಿದರು, ಆ ಉಡುಪು ಯಾರು ಹೊಲಿದರು ಎಂದು ನಾವು ಕೇಳಿದವರಲ್ಲ. ‘ಡಾಕ್ಟರ್ ಹೂ’ ವಿಷಯದಲ್ಲಿ ಮಾತ್ರ ಕೆದಕಿ ಕೆದಕಿ ಕೇಳಿದವರಿದ್ದಾರೆ. ಹಾಗಾಗಿ 1963ರ ಆ ಒಂದು ವರ್ಷದಲ್ಲಿ ತೆರೆಯ ಹಿಂದೆ ನಡೆದದ್ದು ಬಹಳಷ್ಟು ದಾಖಲಾಗಿ ಉಳಿದಿದೆ. ಅದನ್ನೇ ನಿಮಗೆ ಹೇಳಬೇಕು ಅಂತ ಕೂತಿದ್ದೇನೆ.

ಆ ವರ್ಷ ಬಿಬಿಸಿಯ ನಾಟಕ ವಿಭಾಗಕ್ಕೆ ಸಿಡ್ನಿ ನ್ಯೂಮನ್ ಎಂಬ ಕೆನಡಾದವರು ಹೊಸ ಮುಖ್ಯಸ್ಥರು. ಶನಿವಾರ ಸಂಜೆ ಆಟೋಟದ ಕಾರ್ಯಕ್ರಮ ಮುಗಿದು ಹಾಡಿನ ಕಾರ್ಯಕ್ರಮ ಶುರುವಾಗುವ ನಡುವೆ ಒಂದು ಖಾಲಿ ಹೊತ್ತಿತ್ತು. ಮಕ್ಕಳೂ ದೊಡ್ಡವರೂ ಕೂಡಿ ನೋಡುವಂಥದ್ದು ಏನಾದರೂ ಬೇಕು ಅಂದರು. ಹಲವರು ಕೂತು ಕಥೆ ಹೊಸೆದರು. ನಡೆಸಲು ಯಾರು? ನ್ಯೂಮನ್ ಕರೆಸಿದ್ದು ವೆರಿಟಿ ಲ್ಯಾಂಬರ್ಟ್ ಎಂಬ ಹುಡುಗಿಯನ್ನು. ವಯಸ್ಸು 27! ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಇದ್ದ ಒಬ್ಬಳೇ ನಿರ್ಮಾಪಕಿ ಅವಳು, ನಿರ್ಮಾಪಕರಲ್ಲೆಲ್ಲ ಕಿರಿಯಳೂ ಅವಳೇ.

ಅವಳು ಬಂದ ದಾರಿ ನೋಡಿ. ಮೊದಲ ಕೆಲಸ ಒಂದು ಹೊಟೇಲಿನಲ್ಲಿ ತಿಂಡಿಪಟ್ಟಿ ಬೆರಳಚ್ಚು ಮಾಡುವುದು. ಫ್ರೆಂಚ್ ಬರುತ್ತಿತ್ತಲ್ಲ, ಅದಕ್ಕೆ. ಆಮೇಲೆ ಟೆಲಿವಿಷನ್ ಕಂಪನಿಗಳಲ್ಲಿ ಟೈಪಿಸ್ಟು, ಸಹಾಯಕಿ. 1958ರ ನವೆಂಬರಿನಲ್ಲಿ ನ್ಯೂಮನ್ನರ ಕೈಕೆಳಗೇ, ಬೇರೊಂದು ಕಂಪನಿಯಲ್ಲಿ, ಒಂದು ನಾಟಕದ ನೇರ ಪ್ರಸಾರ ನಡೆದಿತ್ತು. ಆಗೆಲ್ಲ ನಾಟಕ ಆಡುತ್ತಿದ್ದ ಹಾಗೇ ಮನೆಮನೆಗೆ ಕಾಣುತ್ತಿತ್ತು, ತಪ್ಪಿದರೆ ತಿದ್ದುವ ಹಾಗಿಲ್ಲ. ನಾಟಕದ ನಡುವೆ ಒಬ್ಬ ನಟ, ಪಾಪ, ತನ್ನ ಮುಂದಿನ ದೃಶ್ಯಕ್ಕೆ ಕಾಯುತ್ತಿದ್ದವನು ಕುಸಿದು ತೀರಿಕೊಂಡ. ನಿರ್ದೇಶಕರು ಕೆಳಗೆ ಓಡಿ ಉಳಿದ ನಟರಿಗೆ ಹೊಸ ಮಾತು ಹೇಳಿಕೊಡುತ್ತ ನಿಂತರು. ಮೇಲೆ ಕ್ಯಾಮರಾಗಳನ್ನು ಆಡಿಸಿ ನಾಟಕ ಮುಗಿಸಿದವಳು ಸಹಾಯಕಿ ವೆರಿಟಿ. ನೋಡುವವರಿಗೆ ಏನೂ ಗೊತ್ತಾಗಲಿಲ್ಲ. ಮದುವೆಮನೆಯಲ್ಲಿ ಅಡಿಗೆಯವರು ಕೈಕೊಟ್ಟ ದಿನ ಐನೂರು ಜನರ ಪಂಕ್ತಿ ಎಬ್ಬಿಸಿದ ಹೆಂಗಸರನ್ನು ನಾನು ಕಂಡಿದ್ದೇನೆ. ವೆರಿಟಿಯ ಮುಖ ಆ ಹೊತ್ತಿಗೆ ಹೇಗಿದ್ದಿರಬೇಕು ಎಂದು ನನಗೆ ಅಂದಾಜಿದೆ.

ಮೊದಲ ಕಥೆಯ ನಿರ್ದೇಶಕ ಯಾರು ಗೊತ್ತೇ? ನಮ್ಮ ಲಖನೌದಲ್ಲಿ ಹುಟ್ಟಿದ ಹುಡುಗ, ವಾರಿಸ್ ಹುಸೇನ್, ವಯಸ್ಸು 24. ತಾಯಿ ಅತಿಯಾ ಹುಸೇನ್ ಹೆಸರಾಂತ ಲೇಖಕಿ. ಎರಡು ವರ್ಷ ಮೊದಲಷ್ಟೇ, 1961ರಲ್ಲಿ, ಅವರ ಕಾದಂಬರಿ ಬಂದಿತ್ತು. ಟೈ ಕಟ್ಟಿದ ಹಿರಿಯ ಗಂಡಸರೇ ತುಂಬಿದ್ದ ಸಂಸ್ಥೆಯಲ್ಲಿ ಒಬ್ಬ ಹುಡುಗಿ, ಒಬ್ಬ ಹಿಂದುಸ್ತಾನಿ ಹುಡುಗ! ಕೊಟ್ಟ ಜಾಗವೂ ಅಷ್ಟಕ್ಕಷ್ಟೇ: ಲೈಮ್ ಗ್ರೋವ್ ಎಂಬಲ್ಲಿ ಹಳೆಯ, ಇಕ್ಕಟ್ಟಾದ ಸ್ಟುಡಿಯೋ. ದೀಪಗಳ ಕಾವು ಹೆಚ್ಚಾದರೆ ಬೆಂಕಿ ಆರಿಸುವ ನೀರಿನ ಸಿಂಪಡಿಕೆ ತಾನಾಗಿಯೇ ಶುರುವಾಗುತ್ತಿತ್ತಂತೆ. ಒಂದು ಕಂತಿಗೆ ಸಿಕ್ಕ ಹಣ ಸುಮಾರು 2000 ಪೌಂಡು. ಆ ನೀಲಿ ಪೆಟ್ಟಿಗೆ ಕೂಡ ಉಳಿತಾಯದ ಉಪಾಯವೇ. ಹೋದ ಕಡೆ ಅಲ್ಲಿಗೆ ತಕ್ಕ ರೂಪ ತಾಳುವ ಯಂತ್ರ ಅಂತ ಕಥೆ; ಆದರೆ ವಾರಕ್ಕೊಂದು ರೂಪ ಮಾಡಿಸುವ ಹಣ ಎಲ್ಲಿದೆ? ಯಂತ್ರ ಕೆಟ್ಟು ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ರೂಪದಲ್ಲೇ ಸಿಕ್ಕಿಕೊಂಡಿತು ಎಂದು ಬರೆದುಬಿಟ್ಟರು. ಇದ್ದುದರಲ್ಲೇ ಸಂಸಾರ ತೂಗಿಸುವವರಿಗೆ ಈ ಜಾಣತನ ಹೇಳಿಕೊಡಬೇಕೇ?

ಸೆಪ್ಟೆಂಬರ್ 27ರಂದು ಮೊದಲ ಕಂತು ಚಿತ್ರೀಕರಿಸಿದರು. ಪೆಟ್ಟಿಗೆಯ ಒಳಬಾಗಿಲು ಮುಚ್ಚಲೊಲ್ಲದು, ಡಾಕ್ಟರ್ ಪಾತ್ರದ ವಿಲಿಯಂ ಹಾರ್ಟ್ನೆಲ್ ಮಾತು ಬಹಳ ಖಾರ. ನೋಡಿದ ನ್ಯೂಮನ್ ಇಬ್ಬರನ್ನೂ ಚೀನೀ ಊಟದ ಹೊಟೇಲಿಗೆ ಕರೆದೊಯ್ದು, ನಿಮ್ಮಿಬ್ಬರನ್ನೂ ಕೆಲಸದಿಂದ ತೆಗೆಯಬೇಕು, ಆದರೆ ತೆಗೆಯುವುದಿಲ್ಲ, ಮತ್ತೊಮ್ಮೆ ಮಾಡಿ ಅಂದರಂತೆ. ಅಕ್ಟೋಬರ್ 18ರಂದು ಮತ್ತೆ ಮಾಡಿದರು. ಮೊದಲ ದೋಸೆ ಹೆಂಚಿಗೆ ಹತ್ತಿದ್ದಕ್ಕೆ ಹಿಟ್ಟನ್ನೇ ಚೆಲ್ಲದ ಆ ಯಜಮಾನನಿಗೂ ಒಂದು ಶಹಬ್ಬಾಸ್ ಸಲ್ಲಬೇಕು.

ಇನ್ನು ನಮ್ಮವ್ವನ ಮಾತಿಗೆ ಬರೋಣ.

ಬಿಬಿಸಿಗೆ ವಿಚಿತ್ರ ಸದ್ದುಗಳನ್ನೇ ತಯಾರಿಸುವ ಒಂದು ಕಾರ್ಯಾಗಾರವಿತ್ತು. 1958ರಲ್ಲಿ ಅದನ್ನು ಹುಟ್ಟುಹಾಕಲು ಹೆಣಗಿದವರಲ್ಲಿಯೂ ಒಬ್ಬ ಹೆಣ್ಣುಮಗಳಿದ್ದಳು, ಡ್ಯಾಫ್ನಿ ಓರಮ್. ಅಲ್ಲಿನ ಬ್ರಯನ್ ಹಾಡ್ಜ್‌ಸನ್ ಎಂಬ ಯುವಕನಿಗೆ ನೀಲಿ ಪೆಟ್ಟಿಗೆ ಏಳುವ ಸದ್ದು ಮಾಡುವ ಕೆಲಸ ಬಿತ್ತು. ಏನು ಮಾಡಿದ ಹೇಳಿ? ತನ್ನ ತಾಯಿಯ ಮನೆಯ ಮುಂಬಾಗಿಲ ಕೀಲಿಕೈ ತೆಗೆದುಕೊಂಡ. ಹಳೆಯ ಪಿಯಾನೋದ ದಪ್ಪ ತಂತಿಗಳ ಮೇಲೆ ಆ ಕೀಲಿಕೈಯನ್ನು ಗರಗರ ಎಳೆದ! ಅದನ್ನು ಟೇಪಿನಲ್ಲಿ ಹಿಡಿದು ಹಿಂದುಮುಂದಾಗಿ ಓಡಿಸಿ, ಪ್ರತಿಧ್ವನಿ ಕೂಡಿಸಿದರೆ ಆಯಿತು, ಕಾಲವನ್ನು ಸೀಳಿಕೊಂಡು ಹೋಗುವ ಯಂತ್ರದ ಸದ್ದು. ತಂತಿಯ ಮೇಲೆ ಕಬ್ಬಿಣ ಎಳೆದಂಗ, ಅಂದಳಲ್ಲ ಅವ್ವ. ಹತ್ತು ವರ್ಷದ ಹುಡುಗಿಯಾದಾಗಿನಿಂದ ಮಗ್ಗದ ಸಪ್ಪಳ ಕೇಳಿ ಎಲ್ಲಿ ಎಳೆ ಹರಿಯಿತು, ಎಲ್ಲಿ ಲಾಳಿ ತಡೆಯಿತು ಎಂದು ಅಡಿಗೆಮನೆಯಿಂದಲೇ ಹೇಳುತ್ತಿದ್ದವಳ ಕಿವಿ ಅದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೀಲಿಕೈಯ ಕಥೆಯಲ್ಲ. ಅದೇ ಕಾರ್ಯಾಗಾರದ ಇನ್ನೊಬ್ಬಳ ಕಥೆ.

ಡೀಲಿಯಾ ಡರ್ಬಿಶೈರ್. 1937ರಲ್ಲಿ ಕವೆಂಟ್ರಿ ಎಂಬ ಊರಿನಲ್ಲಿ ಹುಟ್ಟಿದವಳು. ಯುದ್ಧಕಾಲದಲ್ಲಿ ಆ ಊರಿನ ಮೇಲೆ ಬಾಂಬು ಸುರಿದವು. ಆಗ ಕೇಳಿದ ಅಪಾಯದ ಸೈರನ್ನೇ ತನ್ನ ಸಂಗೀತದ ಮೊದಲ ಪಾಠ ಅನ್ನುತ್ತಿದ್ದಳು. ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದಳು. 1959ರಲ್ಲಿ ಒಂದು ದೊಡ್ಡ ಗ್ರಾಮಾಫೋನ್ ಕಂಪನಿಗೆ ಅರ್ಜಿ ಹಾಕಿದರೆ, ನಮ್ಮ ಧ್ವನಿಮುದ್ರಣ ಸ್ಟುಡಿಯೋಗಳಿಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಮರುವರ್ಷ ಬಿಬಿಸಿ ಸೇರಿದಳು.

ಧಾರಾವಾಹಿಯ ಶುರುವಿನ ರಾಗ ಬರೆದವರು ರಾನ್ ಗ್ರೇನರ್. ಬರೆದದ್ದು ಒಂದೇ ಹಾಳೆ. ಅದನ್ನು ಕೊಟ್ಟು ಅವರು ರಜೆಗೆ ಹೋದರು. ಆ ಹಾಳೆಯಿಂದ ಸಂಗೀತ ಮಾಡುವುದು ಡೀಲಿಯಾಳ ಪಾಲಿಗೆ ಬಂತು. ಇವತ್ತು ಸಣ್ಣ ಹುಡುಗರೂ ಒಂದು ಗುಂಡಿ ಒತ್ತಿದರೆ ನೂರು ವಾದ್ಯದ ಸದ್ದು ಬರುತ್ತದೆ. ಆಗ ಅಂಥ ಯಂತ್ರವಿರಲಿಲ್ಲ. ಅವಳ ಹತ್ತಿರ ಇದ್ದದ್ದು ಮೀಟಲು ಒಂದು ತಂತಿ, ಯಂತ್ರ ಪರೀಕ್ಷಿಸಲು ಇಟ್ಟಿದ್ದ ಕೂಗುಪೆಟ್ಟಿಗೆಗಳು, ಕುಕ್ಕರಿನ ಉಗಿಯಂಥ ಬರೀ ಸುಯ್ ಸದ್ದು, ಮತ್ತೆ ಟೇಪು, ಬ್ಲೇಡು, ಅಂಟುಪಟ್ಟಿ. ಅಷ್ಟೇ.

ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಮಾಡಿಕೊಂಡಳು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಬೇಕಾದರೆ ಏಳೂವರೆ ಇಂಚು ಅಳೆದು ಕತ್ತರಿಸಬೇಕು. ಅದಕ್ಕೆ ಮುಂದಿನ ಸ್ವರದ ತುಂಡು ಅಂಟಿಸಬೇಕು, ಅದಕ್ಕೆ ಮುಂದಿನದು. ಹೀಗೆ ಇಡೀ ರಾಗ! ಕೆಳಗಿನ ಗಟ್ಟಿ ತಾಳಕ್ಕೆ ಒಂದು ಟೇಪು, ಮೇಲಿನ ರಾಗಕ್ಕೆ ಒಂದು, ಗಾಳಿಯ ಸುಯ್ಯಿಗೆ ಒಂದು. ಮೂರು ಯಂತ್ರಗಳಿಗೆ ಹಾಕಿ, ಒಂದು, ಎರಡು, ಮೂರು ಎಂದು ಕೈಯಿಂದಲೇ ಒಟ್ಟಿಗೆ ಚಾಲೂ ಮಾಡಿ, ನಾಲ್ಕನೆಯದರಲ್ಲಿ ಹಿಡಿಯಬೇಕು. ಜೊತೆಗೆ ಡಿಕ್ ಮಿಲ್ಸ್ ಎಂಬ ಸಹಾಯಕ.

ಎಲ್ಲ ಆಯಿತು ಅನ್ನುವಾಗ ಎಲ್ಲೋ ಒಂದು ಸ್ವರ ಹೊಂದುತ್ತಿಲ್ಲ. ಇಷ್ಟುದ್ದದ ಟೇಪಿನಲ್ಲಿ ಯಾವ ತುಂಡು ತಪ್ಪಿದೆ ಎಂದು ಹುಡುಕುವುದು ಹೇಗೆ? ಆ ಕಟ್ಟಡದ ಉದ್ದನೆಯ ಓಣಿಯಂಥ ಪಡಸಾಲೆಯಲ್ಲಿ ಟೇಪುಗಳನ್ನು ಬಿಚ್ಚಿ ಪಕ್ಕಪಕ್ಕಕ್ಕೆ ನೆಲದ ಮೇಲೆ ಹಾಸಿದರು. ಅಂಟಿಗೆ ಅಂಟು ಹೋಲಿಸುತ್ತ ಬಗ್ಗಿ ನಡೆದರು. ಸಾಲು ತಪ್ಪಿದ ಒಂದು ಅಂಟು ಸಿಕ್ಕಿತು, ಸರಿಪಡಿಸಿದರು.

ಓದುತ್ತ ಇಲ್ಲಿಗೆ ಬಂದಾಗ ನನಗೆ ಪುಸ್ತಕ ಕೆಳಗಿಡಬೇಕಾಯಿತು. ಲಂಡನ್ ಎಲ್ಲಿ ಹೋಯಿತೋ! ಬೆಳಗಿನ ಜಾವ ನಮ್ಮ ಓಣಿಯಲ್ಲಿ ಹಾಸು ಬಿಚ್ಚಿ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟುತ್ತಿದ್ದದ್ದು, ಗಂಜಿ ಹಚ್ಚುತ್ತ ಅವ್ವ, ಕಾಕಿ, ಅತ್ತೆಯರು ಬಗ್ಗಿ ನಡೆಯುತ್ತಿದ್ದದ್ದು, ನೂರಾರು ಎಳೆಗಳ ನಡುವೆ ಹರಿದ ಒಂದೇ ಎಳೆಯನ್ನು ಬೆರಳಿನಿಂದಲೇ ಹುಡುಕಿ ಹೊಸೆದು ಕೂಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಬಿಸಿಲೇರುವ ಮೊದಲು ಮುಗಿಯಬೇಕು. ಮಕ್ಕಳು ಹಾಸಿನ ಕೆಳಗೆ ನುಸುಳಿದರೆ ಬೆನ್ನಿಗೊಂದು ಬೀಳುತ್ತಿತ್ತು, ನನಗೂ ಬಿದ್ದಿದೆ.

ಗ್ರೇನರ್ ರಜೆ ಮುಗಿಸಿ ಬಂದು ಕೇಳಿದರು. ಬೆರಗಾಗಿ, ಇದನ್ನು ನಾನೇ ಬರೆದೆನೇ ಎಂದು ಕೇಳಿದರಂತೆ. ಬಹುಮಟ್ಟಿಗೆ ನೀವೇ ಎಂದಳಂತೆ ಡೀಲಿಯಾ. ಆತ ದೊಡ್ಡ ಮನುಷ್ಯ. ರಾಯಧನದಲ್ಲಿ ಅರ್ಧ ಅವಳಿಗೆ ಸಲ್ಲಬೇಕು, ಹೆಸರೂ ಜೊತೆಗೆ ಬರಬೇಕು ಅಂದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಕಾರ್ಯಾಗಾರದವರು ಸಂಬಳದ ನೌಕರರು. ಕಾರ್ಯಾಗಾರದ ಹೆಸರು ಹಾಕಬಹುದು, ಕೈಯ ಹೆಸರು ಹಾಕುವ ಹಾಗಿಲ್ಲ. ತೆರೆಯ ಮೇಲೆ ಗ್ರೇನರ್ ಹೆಸರು ಬಂತು, ಕಾರ್ಯಾಗಾರದ ಹೆಸರು ಬಂತು. ಡೀಲಿಯಾ ಬರಲಿಲ್ಲ.

ಆ ಶನಿವಾರ 1963ರ ನವೆಂಬರ್ 23. ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಜಗತ್ತೇ ರೇಡಿಯೋಗೆ ಕಿವಿ ಹಚ್ಚಿದ್ದ ದಿನ ಮಕ್ಕಳ ಕಥೆ ಯಾರಿಗೆ ಬೇಕು? ಆದರೂ ಸುಮಾರು 44 ಲಕ್ಷ ಜನ ನೋಡಿದರು. ಮರುವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನೇ ಇನ್ನೊಮ್ಮೆ ತೋರಿಸಿದರು.

ಧಾರಾವಾಹಿಯನ್ನು ನಿಜಕ್ಕೂ ಎತ್ತಿ ನಿಲ್ಲಿಸಿದ್ದು ಡಿಸೆಂಬರ್ ಕೊನೆಯಲ್ಲಿ ಬಂದ ಡಾಲೆಕ್ ಎಂಬ ರಾಕ್ಷಸರು. ಲೋಹದ ಕವಚದೊಳಗಿನ ಜೀವಿಗಳು. ನ್ಯೂಮನ್ನರಿಗೆ ಇಂಥ ರಾಕ್ಷಸರೇ ಬೇಡವಾಗಿತ್ತು, ಸಿಟ್ಟಾದರು. ವೆರಿಟಿ ಬಿಟ್ಟುಕೊಡಲಿಲ್ಲ. ಕಾಲು ಕಾಣದ ಹಾಗೆ ತೇಲಿ ಬರಬೇಕು ಎಂಬ ಕಲ್ಪನೆ ಕಥೆಗಾರ ಟೆರಿ ನೇಷನ್‌ಗೆ ಬಂದದ್ದು ಜಾರ್ಜಿಯಾ ದೇಶದ ನೃತ್ಯಗಾತಿಯರ ನೆಲ ಮುಟ್ಟುವ ಲಂಗಗಳಿಂದ. ರೂಪ ಕೊಟ್ಟವರು ರೇಮಂಡ್ ಕ್ಯೂಸಿಕ್. ಅದು ಹೇಗೆ ಸರಿದಾಡಬೇಕು ಎಂದು ಊಟದ ಮೇಜಿನ ಮೇಲೆ ಮೆಣಸಿನಪುಡಿ ಡಬ್ಬಿಯನ್ನು ಸರಿಸಿ ತೋರಿಸಿದರಂತೆ. ಮತ್ತೆ ಆ ರಾಕ್ಷಸನ ಕೈ? ಮೋರಿಯಲ್ಲಿ ನೀರು ಕಟ್ಟಿಕೊಂಡಾಗ ಒತ್ತುತ್ತೀರಲ್ಲ, ಕೋಲಿಗೆ ಹಚ್ಚಿದ ರಬ್ಬರು ಬಟ್ಟಲು, ಅದೇ! ಇಡೀ ಇಂಗ್ಲೆಂಡಿನ ಮಕ್ಕಳು ಅದನ್ನು ನೋಡಿ ಸೋಫಾದ ಹಿಂದೆ ಅಡಗಿದರು. ಕಥೆ ಮುಗಿಯುವ ಹೊತ್ತಿಗೆ ನೋಡುಗರು ಒಂದು ಕೋಟಿ ದಾಟಿದ್ದರು. ಬರೆದ ನೇಷನ್‌ಗೆ ಡಾಲೆಕ್‌ಗಳ ಹಕ್ಕಿನಲ್ಲಿ ಪಾಲು ಸಿಕ್ಕಿ ಶ್ರೀಮಂತರಾದರು. ರೂಪ ಕೊಟ್ಟ ಕ್ಯೂಸಿಕ್ ಸಂಬಳದವರು, ಅವರಿಗೆ ಸಿಕ್ಕಿದ್ದು ನೂರು ಪೌಂಡು ಬಹುಮಾನ. ಹೆಸರಿನ ಲೆಕ್ಕದಲ್ಲಿ ಮೋಸ ಹೋಗುವವರು ಹೆಂಗಸರು ಮಾತ್ರ ಎಂದು ನಾನು ಹೇಳುತ್ತಿಲ್ಲ, ಗಮನಿಸಿ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1966ರಲ್ಲಿ ಹಾರ್ಟ್ನೆಲ್ ಆರೋಗ್ಯ ಕೆಟ್ಟಾಗ, ಡಾಕ್ಟರನ ದೇಹವೇ ಬದಲಾಗುತ್ತದೆ ಎಂದು ಕಥೆ ಮಾಡಿ ಬೇರೆ ನಟನನ್ನು ತಂದರು. ಆ ಉಪಾಯದಿಂದಲೇ ಧಾರಾವಾಹಿ ಇಷ್ಟು ವರ್ಷ ಬಾಳಿತು. 1989ರಲ್ಲಿ ನಿಂತು 2005ರಲ್ಲಿ ಮತ್ತೆ ಶುರುವಾಯಿತು. 2018ರಲ್ಲಿ ಜೋಡಿ ವಿಟ್ಟೇಕರ್ ಆ ಪಾತ್ರವನ್ನು ಪೂರ್ತಿಯಾಗಿ ವಹಿಸಿಕೊಂಡ ಮೊದಲ ಹೆಣ್ಣುಮಗಳಾದಳು. ಇನ್ನೊಂದು ಹೊಟ್ಟೆ ಉರಿಯುವ ಸಂಗತಿ: ಮೊದಲ ವರ್ಷಗಳ ಎಷ್ಟೋ ಟೇಪುಗಳನ್ನು ಸಂಸ್ಥೆಯೇ ಅಳಿಸಿಹಾಕಿತ್ತು. ಆದರೆ ಮನೆಮನೆಗಳಲ್ಲಿ ಟೀವಿಯ ಮುಂದೆ ಮೈಕು ಹಿಡಿದು ಮಾತುಗಳನ್ನು ಧ್ವನಿಮುದ್ರಿಸಿಕೊಂಡ ಹುಡುಗರಿದ್ದರು. ಕಳೆದುಹೋದ ಕಂತುಗಳ ಧ್ವನಿ ಉಳಿದದ್ದು ಅಂಥವರಿಂದ.

ಡೀಲಿಯಾ 1973ರಲ್ಲಿ ಬಿಬಿಸಿ ಬಿಟ್ಟಳು. 2001ರಲ್ಲಿ ತೀರಿಕೊಂಡಳು. ಅವಳ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಯಾವುದರಲ್ಲಿ ತುಂಬಿಟ್ಟಿದ್ದಳು ಗೊತ್ತೇ? ಬೆಳಗಿನ ತಿಂಡಿಗೆ ಹಾಲಿನಲ್ಲಿ ಕಲಸಿ ತಿನ್ನುವ ಅವಲಕ್ಕಿಯಂಥದ್ದರ ಖಾಲಿ ರಟ್ಟಿನ ಡಬ್ಬಗಳಲ್ಲಿ! ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಗ್ರಹ ಸೇರಿವೆ. ನಾವೂ ಹಾಗೇ ಅಲ್ಲವೇ, ಮಿಠಾಯಿ ಡಬ್ಬಿಯಲ್ಲಿ ಸೂಜಿದಾರ, ಬಿಸ್ಕತ್ತಿನ ಡಬ್ಬಿಯಲ್ಲಿ ಮನೆಯ ಕಾಗದಪತ್ರ. 2013ರ ನವೆಂಬರ್ 23ರಂದು, ಐವತ್ತು ವರ್ಷ ತುಂಬಿದ ದಿನದ ವಿಶೇಷ ಕಂತಿನಲ್ಲಿ, ರಾಗದ ಜೊತೆಗೆ ಅವಳ ಹೆಸರು ತೆರೆಯ ಮೇಲೆ ಬಂತು. ನೋಡಲು ಅವಳಿರಲಿಲ್ಲ. ವೆರಿಟಿಯೂ ಇರಲಿಲ್ಲ, ಅವಳು 2007ರ ನವೆಂಬರ್ 22ರಂದು, ಧಾರಾವಾಹಿಯ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು, ತೀರಿಕೊಂಡಿದ್ದಳು.

ಈಗ ನನ್ನದೊಂದು ತಪ್ಪೊಪ್ಪಿಗೆ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಕೆಲವು ವರ್ಷಗಳ ಹಿಂದೆ ನಾನು ತವರಲ್ಲಿದ್ದಾಗ ನೇಕಾರರ ಹೆಸರು ಬರೆದುಕೊಳ್ಳಲು ಒಬ್ಬರು ಮನೆಗೆ ಬಂದಿದ್ದರು. ಅಣ್ಣ ತನ್ನ ಹೆಸರು ಹೇಳಿದ, ಇಬ್ಬರು ಮಕ್ಕಳ ಹೆಸರು ಹೇಳಿದ. ಬಂದವರು ಅವ್ವನ ಕಡೆ ತಿರುಗಿ, “ಮತ್ತ ಇವರು?” ಅಂದರು. ಅಣ್ಣ, “ಅವ್ವ ಮನ್ಯಾಗ ಇರ್ತಾಳ್ರೀ,” ಅಂದ. ಅವರು ಬರೆದುಕೊಂಡರು. ಆ ಹೊತ್ತಿಗೆ ಅವ್ವ ಏನು ಮಾಡುತ್ತಿದ್ದಳು? ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು! ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಲಾಳಿ ಓಡದೆ ಸೀರೆ ಇಲ್ಲ. ಅರವತ್ತು ವರ್ಷ ಸುತ್ತಿದ್ದಾಳೆ. ಒಂದು ದಿನ ಕೂಲಿ ಕೇಳಿದವಳಲ್ಲ. ಅಣ್ಣ ಕೆಟ್ಟವನಲ್ಲ, ಅವ್ವನನ್ನು ಹೂವಿನಂತೆ ನೋಡಿಕೊಂಡಿದ್ದಾನೆ. ಅವನಿಗೆ ತೋಚಲಿಲ್ಲ ಅಷ್ಟೆ. ನನ್ನ ಮಾತು ಬೇರೆ. ಓದಿದವಳು, ಪತ್ರಿಕೆಗೆ ಬರೆಯುವವಳು, ಎದುರಿಗೇ ನಿಂತಿದ್ದೆ. ಬಂದವರಿಗೆ ಚಹಾ ಕೊಟ್ಟೆ, ಬಾಯಿ ಬಿಡಲಿಲ್ಲ.

ಹಾಗಾಗಿ ಈ ಸಲ ನಿಮ್ಮಿಂದ ಪತ್ರ ಬೇಡುತ್ತೇನೆ. ರುಚಿಯ ಪತ್ರವಲ್ಲ. ನಿಮ್ಮ ಮನೆಯಲ್ಲಿ ಯಾರ ಕೈ ಏನು ಮಾಡುತ್ತದೆ ಎಂದು ಹೆಸರು ಹಾಕಿ ಬರೆಯಿರಿ. ಅಂಗಡಿಯ ಲೆಕ್ಕ ಬರೆಯುವವಳು, ಹಪ್ಪಳ ಒತ್ತಿ ಕೊಡುವವಳು, ಮಾವನವರ ಹೊಲದಲ್ಲಿ ಬೀಜ ಆರಿಸಿಡುವವಳು. ಕೌದಿ ಹೊಲಿದಿದ್ದರೆ ಮೂಲೆಯಲ್ಲಿ ನಿಮ್ಮ ಹೆಸರಿನ ಎರಡಕ್ಷರ ದಾರದಲ್ಲಿ ಎತ್ತಿ. ಅಡಿಗೆಯ ಪುಸ್ತಕದಲ್ಲಿ ಅತ್ತೆಯಿಂದ ಕಲಿತದ್ದರ ಪಕ್ಕ ಅತ್ತೆಯ ಹೆಸರು ಬರೆದಿಡಿ. ಮತ್ತೆ ಯಾರಾದರೂ ಹಾಳೆ ಹಿಡಿದು ಬಾಗಿಲಿಗೆ ಬಂದರೆ ಚಹಾ ಆಮೇಲೆ ಕೊಡಿ, ಮೊದಲು ಏನು ಬರೆದುಕೊಂಡರು ಎಂದು ಓದಿಸಿ ಕೇಳಿ.

ಇಷ್ಟೆಲ್ಲ ಓದಿದ ಮೇಲೆ ಅವ್ವನಿಗೆ ಫೋನು ಮಾಡಿದ್ದೆ. ಕೀಲಿಕೈಯ ಕಥೆ ಪೂರ್ತಿ ಹೇಳಿದೆ. ನೀನು ಹೇಳಿದ್ದೇ ಖರೆ ಆತವ್ವಾ, ತಂತಿ ಮ್ಯಾಲ ಕಬ್ಬಣಾನ ಎಳದಿದ್ರು, ಅವರವ್ವನ ಮನಿ ಕೀಲಿಕೈ ಅಂತ, ಅಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಲ್ಲವಾ,” ಅಂದಳು ಆಮೇಲೆ, “ತಂತಿ ಮ್ಯಾಲ ಹಂಗ ತಿಕ್ಕಿದ್ರ ಕೀಲಿಕೈ ಹಲ್ಲ ಸವದಿರತಾವ. ಪಾಪ, ಅವರವ್ವ ಮನಿ ಬಾಗಲಾ ಹೆಂಗ ತಗದ್ಲು?”